ಆರೇ ಸ್ವರ, ತುಂಬು ರಭಸ: ಎಳೆಯರ ಬ್ಯಾಂಡ್‌ಗೆ ಬರೆದ ಸಂಗೀತ

ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಐದನೆಯ ಅಥವಾ ಆರನೆಯ ತರಗತಿಯಲ್ಲಿ ಬ್ಯಾಂಡ್ ಸೇರುತ್ತಾರೆ. ಫ್ಲೂಟ್, ಕ್ಲಾರಿನೆಟ್, ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರೊಂಬೋನ್, ಟ್ಯೂಬಾ, ಡ್ರಮ್ ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಕೆಲವೇ ತಿಂಗಳಲ್ಲಿ ಹೆತ್ತವರ ಮುಂದೆ ವೇದಿಕೆ ಹತ್ತುತ್ತಾರೆ. ಆ ಹೊತ್ತಿಗೆ ಅವರ ಕೈಗೆ ಒಗ್ಗಿರುವುದು ಐದಾರು ಸ್ವರಗಳು ಮಾತ್ರ. ಅಷ್ಟರಲ್ಲೇ ಕೇಳುಗರನ್ನು ಹುರಿದುಂಬಿಸುವ ಕೃತಿ ಕಟ್ಟುವುದು ದೊಡ್ಡ ರಚನಾಕೌಶಲ. ಕರ್ನಾಟಕ ಸಂಗೀತದಲ್ಲಿ ಸರಳೆ, ಜಂಟಿ ವರಸೆ ದಾಟಿದ ಮಗುವಿಗೆ ಮೊದಲ ಗೀತೆ ಹೇಗೋ, ಬ್ಯಾಂಡಿನ ಮಗುವಿಗೆ ಈ ಕೃತಿ ಹಾಗೆ.

ಪ್ರಕಾಶಕರು ಬ್ಯಾಂಡ್ ಕೃತಿಗಳನ್ನು ಕಷ್ಟಕ್ಕೆ ತಕ್ಕಂತೆ ಸುಮಾರು ಅರ್ಧದಿಂದ 6ರವರೆಗಿನ ಶ್ರೇಣಿಗಳಲ್ಲಿ ವಿಂಗಡಿಸುತ್ತಾರೆ. ಹೊಸಬರಿಗೆ ಮೀಸಲಾದವು ಅರ್ಧ ಮತ್ತು 1ನೆಯ ಶ್ರೇಣಿಯವು. ಹೆಚ್ಚಿನವು ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತವೆ. ರಾಬರ್ಟ್ ಡಬ್ಲ್ಯೂ. ಸ್ಮಿತ್, ಆ್ಯನ್ ಮೆಕ್‌ಗಿಂಟಿ ಅವರಂಥ ಅಮೆರಿಕನ್ ಸಂಯೋಜಕರು ಎಳೆಯರ ಬ್ಯಾಂಡ್‌ಗಳಿಗೆಂದೇ ಹಲವು ಕೃತಿಗಳನ್ನು ಬರೆದಿದ್ದಾರೆ.

ಸಂಯೋಜಕರ ಎದುರಿಗಿರುವ ಮಿತಿಗಳು ವಾದ್ಯಗಳಿಂದಲೇ ಹುಟ್ಟಿದವು. ಟ್ರೊಂಬೋನಿನ ಸ್ಲೈಡನ್ನು ಪೂರ್ತಿ ಒಳಗೆಳೆದು ಊದಿದರೆ ಬಿ-ಫ್ಲ್ಯಾಟ್ ಸುಲಭವಾಗಿ ಹೊರಡುತ್ತದೆ. ಟ್ರಂಪೆಟ್ ಮತ್ತು ಕ್ಲಾರಿನೆಟ್‌ಗಳೂ ಅದೇ ಶ್ರುತಿಯ ವಾದ್ಯಗಳು. ಆದ್ದರಿಂದ ಮೊದಲ ಪಾಠಗಳು ಬಿ-ಫ್ಲ್ಯಾಟ್ ಮೇಜರ್ ಸ್ಕೇಲಿನ ಸುತ್ತ ಇರುತ್ತವೆ. ಕ್ಲಾರಿನೆಟ್‌ನಲ್ಲಿ ಕೆಳಸ್ಥಾಯಿಯಿಂದ ಮೇಲಕ್ಕೆ ದಾಟುವಾಗ ಬಹುತೇಕ ಎಲ್ಲ ರಂಧ್ರಗಳನ್ನೂ ಒಮ್ಮೆಗೇ ಮುಚ್ಚಬೇಕಾಗುತ್ತದೆ. ಹೊಸಬರಿಗೆ ಅದು ಕಷ್ಟ. ಟ್ರಂಪೆಟ್‌ನ ಎತ್ತರದ ಸ್ವರಗಳಿಗೆ ತುಟಿಯ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಇವೆರಡನ್ನೂ ಕೃತಿ ದೂರವಿಡುತ್ತದೆ.

ಹಾಗಿದ್ದರೆ ರಭಸ ಬರುವುದು ಎಲ್ಲಿಂದ? ಮುಖ್ಯವಾಗಿ ತಾಳವಾದ್ಯಗಳಿಂದ. ಊದುವವರು ಒಂದೆರಡು ಮಾತ್ರೆಯ ಸರಳ ಸ್ವರಗಳನ್ನು ಹಿಡಿದಿದ್ದರೂ ಸ್ನೇರ್ ಡ್ರಮ್, ಬಾಸ್ ಡ್ರಮ್, ಸಿಂಬಲ್, ಟ್ಯಾಂಬರಿನ್‌ಗಳು ಕೆಳಗೆ ಚುರುಕಾದ ನಡೆ ಹಾಸುತ್ತವೆ. ಎರಡನೆಯ ಉಪಾಯ ಜಿ ಮೈನರ್. ಬಿ-ಫ್ಲ್ಯಾಟ್ ಮೇಜರ್‌ನ ಸ್ವರಗಳೇ ಇಲ್ಲಿಯೂ ಬರುತ್ತವೆ. ಆಧಾರಸ್ವರ ಬದಲಾದಾಗ ಭಾವ ಮಾತ್ರ ಸಾಹಸದ, ಕಾತರದ ಕಡೆ ಹೊರಳುತ್ತದೆ. ಒತ್ತು ಕೊಟ್ಟ ಸ್ವರ, ತುಂಡರಿಸಿ ನುಡಿಸುವ ಸ್ಟಕಾಟೊ, ಪಿಸುಮಾತಿನಿಂದ ಗರ್ಜನೆಗೆ ಏರುವ ಕ್ರೆಶೆಂಡೊ, ಎಲ್ಲರೂ ಒಟ್ಟಿಗೆ ನಿಲ್ಲುವ ಒಂದು ಮಾತ್ರೆಯ ಮೌನ ಇವೆಲ್ಲ ಹೊಸ ಸ್ವರ ಕಲಿಸದೆಯೇ ಉತ್ಸಾಹ ತರುತ್ತವೆ.

ರಚನೆ ಬಹುಮಟ್ಟಿಗೆ ಮೂರು ಭಾಗದ್ದು. ಡ್ರಮ್‌ಗಳ ಪ್ರವೇಶದ ನಂತರ ಮುಖ್ಯ ರಾಗ. ನಡುವೆ ಮೆಲುದನಿಯ ಭಾಗ. ಕೊನೆಗೆ ಮೊದಲ ರಾಗವೇ ಹೆಚ್ಚು ಬಲದಿಂದ ಮರಳುತ್ತದೆ. ಒಂದೇ ಸಾಲನ್ನು ಹಲವು ವಾದ್ಯಗಳಿಗೆ ಕೊಡುವುದು ವಾಡಿಕೆ. ಟ್ಯೂಬಾ ನುಡಿಸುವ ಮಗು ಇಲ್ಲದಿದ್ದರೂ ಟ್ರೊಂಬೋನ್ ಆ ಸಾಲನ್ನು ಹೊರುತ್ತದೆ. ಒಬ್ಬರು ತಪ್ಪಿದರೆ ಪಕ್ಕದವರು ಕಾಯುತ್ತಾರೆ. ಆದರೂ ಪ್ರತಿ ವಿಭಾಗಕ್ಕೂ ಒಮ್ಮೆಯಾದರೂ ರಾಗ ಸಿಗುವಂತೆ ಬರೆದ ಕೃತಿಯೇ ಉತ್ತಮ. ಸದಾ ಹಿಮ್ಮೇಳದಲ್ಲೇ ಉಳಿದ ಮಗುವಿನ ಆಸಕ್ತಿ ಬೇಗ ಬತ್ತುತ್ತದೆ.

ಅಭ್ಯಾಸದಲ್ಲಿ ಕಾಡುವ ತೊಂದರೆಗಳು ಎರಡು. ಜೋರಾದ ಜಾಗದಲ್ಲಿ ಮಕ್ಕಳು ಲಯ ಮೀರಿ ಓಡುತ್ತಾರೆ. ಗಟ್ಟಿಯಾಗಿ ಊದಲು ಹೋಗಿ ನಾದ ಒಡೆಯುತ್ತದೆ. ಮೊದಲು ಚಪ್ಪಾಳೆಯಲ್ಲಿ ಲೆಕ್ಕ ಹಾಕಿಸಿ, ರಾಗವನ್ನು ಬಾಯಲ್ಲಿ ಹಾಡಿಸಿ, ವಿಳಂಬದಲ್ಲಿ ನುಡಿಸಿ, ಆಮೇಲೆ ವೇಗ ಏರಿಸುವುದು ಇದಕ್ಕೆ ಮದ್ದು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದನ್ನು ಹಾಳೆಯ ಮೇಲೆ ಗುರುತಿಸಿಕೊಳ್ಳುವುದೂ ಅಷ್ಟೇ ಮುಖ್ಯ.

ಕೃತಿ ಆರಿಸುವ ಶಿಕ್ಷಕರು ಶ್ರೇಣಿಯ ಅಂಕಿಯೊಂದನ್ನೇ ನೋಡಬಾರದು. ತಮ್ಮ ಮಕ್ಕಳು ಚೆನ್ನಾಗಿ ನುಡಿಸಬಲ್ಲ ಸರಳ ಕೃತಿ, ತಡವರಿಸುತ್ತಾ ಮುಗಿಸುವ ಕಠಿಣ ಕೃತಿಗಿಂತ ಯಾವತ್ತೂ ಮೇಲು.