ಮಗುವಿನ ಕಣ್ಣು, ತಾಯಿಯ ಮಾತು

ಮುಚ್ಚಂಜೆಯ ಹೊತ್ತಿನಲ್ಲಿ ಓಣಿಯ ಮಕ್ಕಳೆಲ್ಲ ಆಟದಲ್ಲಿ ಮೈಮರೆತಿರುವಾಗ ಒಂದು ಮಗು ಮಾತ್ರ ಮನೆಯ ಮೂಲೆ ಹಿಡಿದು ಕುಳಿತುಬಿಡುತ್ತದೆ. ಮುಂದಿಟ್ಟ ತಟ್ಟೆಯನ್ನು ಕೈಯಿಂದ ತಡವಿ ಹುಡುಕುತ್ತದೆ. ಹಗಲಿನಲ್ಲಿ ಅದರ ನೋಟಕ್ಕೆ ಯಾವ ಕುಂದೂ ಇಲ್ಲ. ನಮ್ಮ ಹಿರಿಯರು ಇದನ್ನು 'ಇರುಳುಗಣ್ಣು' ಎಂದರು; ಆಯುರ್ವೇದವು 'ನಕ್ತಾಂಧ್ಯ' ಎಂದಿತು. ಸುಶ್ರುತಸಂಹಿತೆಯಲ್ಲಿ ಇದಕ್ಕೆ ಮೇಕೆಯ ಯಕೃತ್ತು ಔಷಧವೆಂದು ಹೇಳಿದೆ. ಆ ಮದ್ದಿನ ಗುಟ್ಟು ಹೊರಬಿದ್ದದ್ದು ಮಾತ್ರ 20ನೆಯ ಶತಮಾನದಲ್ಲಿ. 1913ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಅವರು ಬೆಣ್ಣೆ ಹಾಗೂ ಮೊಟ್ಟೆಯ ಹಳದಿಯ ಕೊಬ್ಬಿನಲ್ಲಿ ಗುರುತಿಸಿದ ಪೋಷಕಾಂಶವೇ 'ಎ' ಅನ್ನಾಂಗ, ಎಂದರೆ ವಿಟಮಿನ್ ಎ.

ಇದರ ಕೊರತೆ ಕೇವಲ ಕಣ್ಣಿನ ವಿಚಾರವಲ್ಲ. ಇಂಡೊನೇಷ್ಯದಲ್ಲಿ ದುಡಿದ ನೇತ್ರವೈದ್ಯ ಆಲ್ಫ್ರೆಡ್ ಸಾಮರ್ ಅವರ ತಂಡವು, ಈ ಅನ್ನಾಂಗ ಪಡೆದ ಮಕ್ಕಳಲ್ಲಿ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿತೆಂದು 1986ರಲ್ಲಿ ಪ್ರಕಟಿಸಿತು. ತಮಿಳುನಾಡಿನಲ್ಲಿ ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರು ನಡೆಸಿದ ಪ್ರಯೋಗವು 1990ರಲ್ಲಿ ಇದಕ್ಕಿಂತಲೂ ಮಿಗಿಲಾದ ಫಲವನ್ನು ತೋರಿಸಿತು. ಆದರೆ ಉತ್ತರ ಪ್ರದೇಶದಲ್ಲಿ ಸುಮಾರು 10 ಲಕ್ಷ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡ ಲಾಭ ತೀರ ಅಲ್ಪ. ಆದುದರಿಂದ ಕೊರತೆ ಎಲ್ಲಿದೆ, ಎಷ್ಟಿದೆ ಎಂಬುದನ್ನು ಅರಿಯದೆ ಮದ್ದು ಹಂಚುವುದು ಸಲ್ಲದು.

ಅರಿಯುವ ಬಗೆ ಹೇಗೆ? ಮೊದಲನೆಯ ಸಾಧನ ಮಾತು. ತನಿಖೆಗೆ ಬಂದವರು ತಾಯಿಯನ್ನು ಕೇಳುತ್ತಾರೆ: ಮಗುವಿಗೆ ಹಗಲು ಕಾಣುವುದೇ? ಕತ್ತಲಾದ ಮೇಲೆ ಕಾಣುವುದೇ? ನಿಮ್ಮ ಕಡೆ ಇದಕ್ಕೊಂದು ಹೆಸರಿದೆಯೇ? ಆಡುಮಾತಿನ ಆ ಹೆಸರನ್ನು ತಾಯಿ ತಾನಾಗಿ ನುಡಿದರೆ ಅದು ಅಮೂಲ್ಯ ಸಾಕ್ಷಿ. 2ರಿಂದ 6 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಒಬ್ಬರಿಗೆ ಇರುಳುಗಣ್ಣು ಇದ್ದರೂ ಊರಿಗೇ ಎಚ್ಚರಿಕೆಯ ಗಂಟೆ. ತಾಯಿಯನ್ನೂ ಆಕೆಯ ಬಸುರಿನ ದಿನಗಳ ಬಗ್ಗೆ ಹೀಗೆಯೇ ವಿಚಾರಿಸುತ್ತಾರೆ; ಅಲ್ಲಿ ನೂರಕ್ಕೆ ಐವರು ಎಂಬುದು ಗಡಿ. 'ಬಸುರಿಯರಿಗೆ ಇದೆಲ್ಲ ಸಹಜ' ಎಂದು ಮನೆಯವರು ತಳ್ಳಿಹಾಕುವ ಲಕ್ಷಣವೇ ಇಲ್ಲಿ ಮುಖ್ಯ ಸುಳಿವು.

ಎರಡನೆಯದು ಕಣ್ಣಿನ ಪರೀಕ್ಷೆ. ಕಣ್ಣಿನ ಬಿಳಿಯ ಭಾಗದಲ್ಲಿ ನೊರೆಯಂತಹ ಮಚ್ಚೆ ಮೂಡುವುದನ್ನು ಫ್ರಾನ್ಸಿನ ವೈದ್ಯ ಬಿಟೊ 1863ರಲ್ಲಿ ವರ್ಣಿಸಿದನು. ಅವು ಇಂದಿಗೂ ಬಿಟೊ ಮಚ್ಚೆಗಳೇ. ಇದನ್ನು ಕಡೆಗಣಿಸಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಒಣಗಿ, ಹುಣ್ಣಾಗಿ, ಶಾಶ್ವತವಾದ ಕುರುಡು ಬರಬಹುದು.

ಮೂರನೆಯದು ರಕ್ತಪರೀಕ್ಷೆ. ರಕ್ತದ್ರವದಲ್ಲಿ ರೆಟಿನಾಲ್ ಲೀಟರಿಗೆ 0.70 ಮೈಕ್ರೊಮೋಲ್‌ಗಿಂತ ಕಡಮೆಯಾದರೆ ಕೊರತೆಯೆನ್ನುತ್ತಾರೆ. ಆದರೆ ಈ ಅಂಕೆಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ದೇಹದ ಕಣಜ ಯಕೃತ್ತು. ರಕ್ತವು ಅಡಿಗೆಮನೆಯ ಡಬ್ಬಿಯಿದ್ದಂತೆ. ಕಣಜ ತಳಕಾಣುವವರೆಗೂ ಡಬ್ಬಿ ತುಂಬಿಯೇ ಇರುತ್ತದೆ. ಜ್ವರವೋ ಭೇದಿಯೋ ಇದ್ದಾಗ ಕಣಜ ತುಂಬಿದ್ದರೂ ರಕ್ತದ ಅಂಕೆ ಇಳಿಯುತ್ತದೆ. ಆದುದರಿಂದ ಸೋಂಕಿನ ಗುರುತುಗಳನ್ನೂ ಜೊತೆಗೇ ಅಳೆಯಬೇಕು.

ತಾಯಿಯ ಎದೆಹಾಲಿನ ಪರೀಕ್ಷೆಯಂತೂ ಇಬ್ಬರ ಕಥೆಯನ್ನೂ ಒಮ್ಮೆಗೇ ಹೇಳುತ್ತದೆ. ಹುಟ್ಟಿದ ಕೂಸಿನ ಕಣಜದಲ್ಲಿ ದಾಸ್ತಾನು ಅತ್ಯಲ್ಪ. ಅದು ತುಂಬಬೇಕಾದದ್ದು ತಾಯಿಯ ಹಾಲಿನಿಂದಲೇ. ಮೊದಲ ದಿನಗಳ ಗಿಣ್ಣುಹಾಲಿನಲ್ಲಿ ಈ ಅನ್ನಾಂಗ ಹೇರಳ. ಅದನ್ನು ಹಿಂಡಿ ಚೆಲ್ಲುವ ಪದ್ಧತಿ ಎಷ್ಟು ದೊಡ್ಡ ನಷ್ಟ!

ನಮ್ಮ ದೇಶದಲ್ಲಿ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದ ಅನ್ನಾಂಗ ಕೊಡುವ ಯೋಜನೆ 1970ರಲ್ಲಿ ಮೊದಲಾಯಿತು. 2016–18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಶೇಕಡ 18ರಷ್ಟು ಮಂದಿಗೆ ಕೊರತೆ ಕಂಡಿತು. ಸಮಸ್ಯೆ ತೀವ್ರವೆನ್ನಲು ವಿಶ್ವ ಆರೋಗ್ಯ ಸಂಸ್ಥೆಯ ಗಡಿ ಶೇಕಡ 20. ಎಲ್ಲ ಮಕ್ಕಳಿಗೂ ಕೊಡಬೇಕೇ, ಕೊರತೆಯಿರುವ ಕಡೆಗೆ ಮಾತ್ರವೇ ಎಂಬ ಚರ್ಚೆ ತಜ್ಞರಲ್ಲಿ ಎದ್ದಿರುವುದು ಇದರಿಂದಲೇ. ಅಳತೆ ತಪ್ಪಿದರೆ ಒಂದೆಡೆ ಹಸುಳೆ ಕುರುಡಾದೀತು, ಇನ್ನೊಂದೆಡೆ ಬೇಡದ ಮದ್ದು ಹೆಚ್ಚಾದೀತು.

ಗೃಹಿಣಿಯರು ಮಾಡಬಹುದಾದದ್ದು ಸುಲಭ. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಗಜ್ಜರಿ, ಸಿಹಿಗುಂಬಳ, ಪರಂಗಿ ಮತ್ತು ಮಾವಿನ ಹಣ್ಣು, ಹಾಲು, ತುಪ್ಪ, ಮೊಟ್ಟೆ ಇವೆಲ್ಲ ಅನ್ನಾಂಗದ ಆಗರಗಳು. ಸೊಪ್ಪಿಗೆ ಒಂದಿಷ್ಟು ಎಣ್ಣೆಯ ಒಗ್ಗರಣೆ ಬಿದ್ದರೆ ಅದರ ಸಾರ ಮೈಗೆ ಹತ್ತುತ್ತದೆ. ಬಸುರಿಯರು ಮಾತ್ರ ವೈದ್ಯರನ್ನು ಕೇಳದೆ ಈ ಅನ್ನಾಂಗದ ಗುಳಿಗೆ ನುಂಗಬಾರದು. ಅತಿಯಾದರೆ ಗರ್ಭದ ಶಿಶುವಿಗೆ ಅಪಾಯವುಂಟು. ಮಗು ಮಬ್ಬುಗತ್ತಲೆಯಲ್ಲಿ ಎಡವಿದರೆ ಗದರಿಸಬೇಡಿ. ಮರುದಿನವೇ ವೈದ್ಯರಿಗೆ ತೋರಿಸಿ.