ಬಿರುಕು ಬಿಟ್ಟ ತಾಳ

ಡೊಂಬಿವಲಿಯ ಗಣೇಶ ಮಂದಿರದಿಂದ 1999ರಲ್ಲಿ ಹೊರಟ ಗುಡಿ ಪಾಡ್ವದ ಶೋಭಾಯಾತ್ರೆ ಈಗ ಠಾಣೆ, ಕಲ್ಯಾಣಗಳಲ್ಲೂ ನಡೆಯುತ್ತದೆ. ಢೋಲು-ತಾಶೆಗಳ ನಡುವೆ ಝಾಂಜ್ ಎಂಬ ತಾಳ ಗಂಟೆಗಟ್ಟಲೆ ಮೊಳಗುತ್ತದೆ. ಇದೇ ಊರುಗಳ ಕನ್ನಡಿಗರ ಭಜನೆಗೆ ತಾಳ ಬೇಕು, ಯಕ್ಷಗಾನದ ಚೆಂಡೆ-ಮದ್ದಳೆಯ ಜೊತೆಗೆ ಚಕ್ರತಾಳ ಬೇಕು. ಹಬ್ಬದ ಮರುದಿನ ತಾಳದ ಜೋಡಿಯನ್ನು ಒರೆಸಿ ಇಡುವಾಗ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ನಾದ ಇನ್ನೂ ಇದೆಯಲ್ಲ, ಬಾರಿಸಿದರಾಯಿತು ಅನ್ನಿಸುತ್ತದೆ.

ಬಾರಿಸಬಾರದು. ತಾಳ ಅತಿ ಹೆಚ್ಚು ಕಂಪಿಸುವುದು ಅಂಚಿನಲ್ಲೇ. ಪ್ರತಿ ಹೊಡೆತದ ಒತ್ತಡವೂ ಬಿರುಕಿನ ಚೂಪು ತುದಿಯಲ್ಲಿ ಬಂದು ನಿಲ್ಲುತ್ತದೆ, ಗೆರೆ ಒಳಕ್ಕೆ ಓಡುತ್ತದೆ.

ಬಲ್ಲ ಕೆಲಸಗಾರ ಮೊದಲು ಆ ತುದಿಯನ್ನು ಹುಡುಕುತ್ತಾನೆ. ಕಣ್ಣಿಗೆ ಕಂಡಲ್ಲಿ ಬಿರುಕು ಮುಗಿದಿರುವುದಿಲ್ಲ. ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸುಣ್ಣದಕಡ್ಡಿಯ ಪುಡಿ ಉದುರಿಸಿದರೆ, ಸೀಳಿನೊಳಗೆ ಉಳಿದ ಎಣ್ಣೆ ಪುಡಿಗೆ ಏರಿ ಗೆರೆಯನ್ನು ಪೂರ್ತಿ ಬರೆದು ತೋರಿಸುತ್ತದೆ. ಎಷ್ಟು ಸರಳ, ಎಷ್ಟು ಜಾಣ ಉಪಾಯ! ಆಮೇಲೆ ಕೆಳಗೆ ಮರದ ತುಂಡು ಕೊಟ್ಟು, ಅವಸರವಿಲ್ಲದೆ, ಬಿಸಿಯೇರದಂತೆ ಆ ತುದಿಯಲ್ಲಿ ಮೂರ್ನಾಲ್ಕು ಮಿಲಿಮೀಟರಿನ ತೂತು ಕೊರೆಯುತ್ತಾನೆ. ತೂತು ದುಂಡಗಿರುವುದರಿಂದ ಒತ್ತಡ ಸುತ್ತಲೂ ಹಂಚಿಹೋಗುತ್ತದೆ, ಬಿರುಕು ಅಲ್ಲಿಗೆ ನಿಲ್ಲುತ್ತದೆ. ಸೀಳಿನ ಎರಡು ತುಟಿಗಳು ಒಂದಕ್ಕೊಂದು ಉಜ್ಜಿ ಜರ್ ಎನ್ನುತ್ತಿದ್ದರೆ ಅಷ್ಟು ಭಾಗವನ್ನು ಬಿಲ್ಲಿನಂತೆ ಬಾಗಿದ ಗೆರೆಯಲ್ಲಿ ಕತ್ತರಿಸಿ ತೆಗೆಯಬೇಕು. ಮೂಲೆ ಉಳಿದರೆ ಅಲ್ಲಿಂದಲೇ ಹೊಸ ಬಿರುಕು ಹುಟ್ಟುತ್ತದೆ. ಅದಕ್ಕೇ ಕೊನೆಯ ಅರ, ಉಪ್ಪುಕಾಗದದ ಕೆಲಸಕ್ಕೆ ಅಷ್ಟು ತಾಳ್ಮೆ.

ಬೆಸುಗೆ ಹಾಕಿಸಿ ಎನ್ನುವವರಿದ್ದಾರೆ. ಹಿತ್ತಾಳೆಯ ಝಾಂಜ್‌ಗೆ ಬೆಸುಗೆ ಕೂರುತ್ತದೆ, ನಾದ ಮಾತ್ರ ಮಂಕಾಗುತ್ತದೆ. ಕಂಚಿಗೆ ಅದು ಕೇಡು. ನಾದದ ಕಂಚಿನಲ್ಲಿ ಸುಮಾರು ಐದನೇ ಒಂದು ಪಾಲು ತವರ, ಉಳಿದದ್ದು ತಾಮ್ರ. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ. ಈ ಕಂಚು ಅದಕ್ಕೆ ತಿರುಗಾಮುರುಗ: ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೇ ಅದರ ಪೆಡಸುತನ ಹೋಗಿ ಹೊಡೆತ ತಾಳುವ ಹದ ಬರುತ್ತದೆ. ಬೆಸುಗೆಯ ಬಿಸಿ ತಾಗಿ ಮೆಲ್ಲಗೆ ಆರಿದ ಜಾಗ ಆ ಹದ ಕಳೆದುಕೊಳ್ಳುತ್ತದೆ. ಬೆಸುಗೆಯ ಪಕ್ಕದಲ್ಲೇ ತಾಳ ಮತ್ತೆ ಒಡೆಯುತ್ತದೆ.

ಡ್ರಮ್ ಸೆಟ್ಟಿನ ಸಿಂಬಲ್‌ಗೂ ಇದೇ ನ್ಯಾಯ. ಅಲ್ಲಿ ಇನ್ನೊಂದು ದಾರಿಯೂ ಇದೆ: ಅಂಚನ್ನು ಸುತ್ತಲೂ ಸಮವಾಗಿ ಕತ್ತರಿಸಿ ಚಿಕ್ಕದು ಮಾಡುವುದು. ನಾದ ಬದಲಾಗುತ್ತದೆ, ತಟ್ಟೆ ಬದುಕುತ್ತದೆ. ಜೋಡಿತಾಳದಲ್ಲಿ ಒಂದನ್ನೇ ಹೀಗೆ ಕತ್ತರಿಸಿದರೆ ಜೋಡಿ ಕೆಡುತ್ತದೆ.

ಎಲ್ಲ ಬಿರುಕಿಗೂ ಮದ್ದಿಲ್ಲ. ದಾರ ಕಟ್ಟುವ ತೂತಿನಿಂದ ಹೊರಟು ನಡುವಿನ ಉಬ್ಬನ್ನು ದಾಟಿದ್ದಕ್ಕೆ, ಅಂಚಿಗೆ ಸಮಾನಾಂತರವಾಗಿ ಸುತ್ತು ಹೊಡೆದದ್ದಕ್ಕೆ ಕೊರೆಯುವುದು ವ್ಯರ್ಥ. ಬಾರಿಸುತ್ತಲೇ ಇದ್ದರೆ ಸಿಡಿದ ಚೂರು ಕೈ ಕೊಯ್ಯಬಹುದು. ಅಂಥದ್ದನ್ನು ಕಂಚುಗಾರನಿಗೆ ತೂಕಕ್ಕೆ ಕೊಡಿ, ಕರಗಿ ಮತ್ತೆ ತಾಳವಾದೀತು.

ಹೆಬ್ಬೆರಳಿನ ಅಗಲಕ್ಕಿಂತ ಚಿಕ್ಕ ಬಿರುಕು ಅಂಚಿನಲ್ಲಿ ಕಂಡರೆ ಮುಂದಿನ ಭಜನೆಗೆ ಕಾಯಬೇಡಿ, ಆ ವಾರವೇ ಕೊರೆಸಿ. ಬಾರಿಸುವಾಗ ಎರಡು ತಟ್ಟೆಗಳನ್ನು ಸರಿಯಾಗಿ ಎದುರುಬದುರು ಅಪ್ಪಳಿಸದೆ, ಕೊಂಚ ಓರೆಯಾಗಿ ಜಾರಿಸಿ ಹೊಡೆಯಿರಿ.