ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾ ಸಿಬ್ಬಂದಿಯ ಶಿಸ್ತುಪಾಲನೆ: ಸಾರ್ವಜನಿಕರಿಗೆ ಮಾಹಿತಿ

ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾ ಸಿಬ್ಬಂದಿಯ ಕರ್ತವ್ಯಪಾಲನೆಯ ಮೇಲ್ವಿಚಾರಣೆಯನ್ನು ಶುಶ್ರೂಷಾ ಅಧೀಕ್ಷಕರು ನಿರ್ವಹಿಸುತ್ತಾರೆ. ಪಾಳಿಗೆ ತಡವಾಗಿ ಹಾಜರಾಗುವುದು, ಅನುಮತಿಯಿಲ್ಲದೆ ವಾರ್ಡಿನಿಂದ ತೆರಳುವುದು, ರೋಗಿಗಳೊಡನೆ ಅನುಚಿತವಾಗಿ ವರ್ತಿಸುವುದು ಮುಂತಾದ ಲೋಪಗಳು ಕಂಡುಬಂದಲ್ಲಿ, ಅವರು ಸಂಬಂಧಪಟ್ಟವರಿಗೆ ತಿಳಿವಳಿಕೆ ನೀಡಿ, ಅಗತ್ಯವಿದ್ದಲ್ಲಿ ಲಿಖಿತ ಸಮಜಾಯಿಷಿ ಪಡೆದು, ಆಸ್ಪತ್ರೆಯ ಮುಖ್ಯಸ್ಥರಿಗೆ ವರದಿ ಸಲ್ಲಿಸುತ್ತಾರೆ.

ದಂಡನೆ ವಿಧಿಸುವ ಅಧಿಕಾರವು ಶಿಸ್ತು ಪ್ರಾಧಿಕಾರಕ್ಕೆ ಸೇರಿದ್ದು. ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957 ರನ್ವಯ, ವಾಗ್ದಂಡನೆಯಂತಹ ಲಘು ದಂಡನೆಗೂ ಮುನ್ನ ನೌಕರರಿಗೆ ಆರೋಪವನ್ನು ಲಿಖಿತವಾಗಿ ತಿಳಿಸಿ, ಹೇಳಿಕೆ ಸಲ್ಲಿಸಲು ಅವಕಾಶ ನೀಡಬೇಕಾಗುತ್ತದೆ. ಸೇವೆಯಿಂದ ವಜಾ ಮಾಡುವಂತಹ ಕಠಿಣ ದಂಡನೆಗೆ ಸಾಮಾನ್ಯವಾಗಿ ದೋಷಾರೋಪಣಾ ಪಟ್ಟಿ ಹಾಗೂ ಇಲಾಖಾ ವಿಚಾರಣೆ ಅಗತ್ಯ. ಆದ್ದರಿಂದ ದೂರು ನೀಡಿದ ದಿನವೇ ದಂಡನೆಯಾಗಲಿಲ್ಲವೆಂದರೆ ದೂರನ್ನು ಕಡೆಗಣಿಸಲಾಗಿದೆ ಎಂದು ಭಾವಿಸಬೇಕಾಗಿಲ್ಲ.

‘ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂದಷ್ಟೇ ಬರೆದ ದೂರು ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ. ಸಾರ್ವಜನಿಕರು ತಮ್ಮ ದೂರಿನಲ್ಲಿ ದಿನಾಂಕ, ವೇಳೆ, ವಾರ್ಡು, ನಡೆದ ಸಂಗತಿ ಹಾಗೂ ಪ್ರತ್ಯಕ್ಷ ಕಂಡವರ ಹೆಸರನ್ನು ನಮೂದಿಸತಕ್ಕದ್ದು. ಸಿಬ್ಬಂದಿಯ ಹೆಸರು ತಿಳಿಯದಿದ್ದರೂ ಪಾಳಿ ಪಟ್ಟಿಯ ನೆರವಿನಿಂದ ಅವರನ್ನು ಗುರುತಿಸಬಹುದಾಗಿದೆ. ದೂರಿನ ಪ್ರತಿಯ ಮೇಲೆ ದಿನಾಂಕಸಹಿತ ಸ್ವೀಕೃತಿ ಪಡೆದುಕೊಳ್ಳಲು ಕೋರಲಾಗಿದೆ. ನಿಖರವಾದ ದೂರು ರೋಗಿಗೆ ನ್ಯಾಯ ದೊರಕಿಸುವುದಲ್ಲದೆ, ನಿರ್ದೋಷಿ ನೌಕರರನ್ನೂ ರಕ್ಷಿಸುತ್ತದೆ.